ಭಾಳ ಛಲೋ ಕನ್ನಡ

ಕನ್ನಡದಲ್ಲಿ ಮಾತಾಡಿದ್ದಕ್ಕೆ ಬ್ಯಾಡಗಿಯ ನಜ್ಮಾ ನದಾಫಳಿಗೆ ಮೊದಲ ಸಲ ಚಪ್ಪಾಳೆ ಬಿದ್ದದ್ದು ಎಂ.ಎ. ತರಗತಿಯಲ್ಲಿ. ಅಷ್ಟು ಹೊತ್ತಿಗಾಗಲೇ ಅವಳು ಅದೇ ಭಾಷೆಯಲ್ಲಿ ಅತ್ತು, ಜಗಳಾಡಿ, ಸಂತೆಯಲ್ಲಿ ಚೌಕಾಸಿ ಮಾಡಿ ದೊಡ್ಡವಳಾಗಿದ್ದಳು. ಅದಕ್ಕೆಲ್ಲ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಅವಳ ಅಪ್ಪ ಮೌಲಾಸಾಬನದು ಬ್ಯಾಡಗಿಯಲ್ಲಿ ಗಾದಿ ಅಂಗಡಿ. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಪಿಂಜಾರರ ಮನೆತನದ ಕೆಲಸ. ಆ ಮನೆಯಲ್ಲಿ ನಮಾಜು ಅರಬ್ಬಿಯಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ. ಅವ್ವ ಸಕೀನಾಬಿ ನಮಾಜು ಮುಗಿಸಿ ದುವಾಕ್ಕೆ ಕೈಯೆತ್ತಿದಾಗಲೂ "ಯಪ್ಪಾ ಅಲ್ಲಾ, ಈ ಮೊಣಕಾಲ ನೋವೊಂದ ಕಡಿಮಿ ಮಾಡಪಾ" ಎಂದೇ ಬೇಡುತ್ತಿದ್ದಳು. ಅವನಿಗೆ ಕನ್ನಡ ಬರುತ್ತದೋ ಇಲ್ಲವೋ ಎಂಬ ಅನುಮಾನ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ.

ನಜ್ಮಾ ಬಿ.ಎ. ಮುಗಿಸಿದ ವರ್ಷ ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂತು. ಗಂಡಿನ ತಾಯಿ ಉರ್ದುವಿನಲ್ಲಿ ಏನೇನೋ ಕೇಳಿದಳು. ನಜ್ಮಾಳಿಗೆ ಅರ್ಧ ತಿಳಿಯಿತು. ತಿಳಿದ ಅರ್ಧಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟಳು. ಬಂದವರು ಮಂಡಕ್ಕಿ, ಮಿರ್ಚಿ ತಿಂದು, ಚಹಾ ಕುಡಿದು ಹೋದರು. ಆಮೇಲೆ ಹೇಳಿ ಕಳಿಸಿದರು: "ಹುಡುಗಿ ಛಲೋ ಅದಾಳ. ಆದ್ರ ನಮ್ಮವಳಂಗ ಕಾಣಂಗಿಲ್ಲ."

ಮೌಲಾಸಾಬ ಆ ದಿನ ಒಂದು ಗಾದಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಬಡಿದ. ನಜ್ಮಾ ಮಾತ್ರ ನಿರಾಳವಾಗಿ ಹಾವೇರಿ ಬಸ್ಸು ಹತ್ತಿ ಕನ್ನಡ ಎಂ.ಎ.ಗೆ ಅರ್ಜಿ ಹಾಕಿ ಬಂದಳು. ಅಲ್ಲಿಯಾದರೂ ತಾನು ಅಲ್ಲಿಯವಳಂತೆ ಕಾಣಬಹುದು ಎಂದುಕೊಂಡಿದ್ದಳು.

ಮೊದಲ ದಿನ ಹಾಜರಿ ತೆಗೆದುಕೊಂಡವರು ಪರಶಿವಮೂರ್ತಿ ಎಂಬ ಪ್ರಾಧ್ಯಾಪಕರು. ಮೈಸೂರಿನ ಕಡೆಯವರು, ಹಳಗನ್ನಡ ಪಾಠ ಮಾಡುತ್ತಿದ್ದರು. ಯಾರಿಗೂ ಏರುದನಿಯಲ್ಲಿ ಬೈಯದ ಒಳ್ಳೆಯ ಮನುಷ್ಯ. ಅವರ ಒಳ್ಳೆಯತನದಿಂದಲೇ ತೊಂದರೆ ಶುರುವಾಯಿತು. ನಜ್ಮಾಳ ಹೆಸರು ಬಂದಾಗ ಅವರು ತಲೆಯೆತ್ತಿದರು.

"ಬೇರೆ ಯಾವ ವಿಷಯವೂ ಸಿಗಲಿಲ್ವೇನಮ್ಮ?"

"ಕನ್ನಡಾನ ಬೇಕಾಗಿತ್ರಿ ಸರ್."

"ನೋಡಿ, ನೋಡಿ! ಎಷ್ಟು ಸ್ವಚ್ಛವಾಗಿ ಮಾತಾಡ್ತಾರೆ! ಎಲ್ಲರೂ ಒಂದು ಚಪ್ಪಾಳೆ."

ಎಲ್ಲರೂ ತಟ್ಟಿದರು. ಪಕ್ಕದ ಸಾಲಿನಲ್ಲಿದ್ದ ಕರ್ಜಗಿಯ ಕೊಟ್ರೇಶನೂ ತಟ್ಟಿದ. ಬಿ.ಎ.ಯಲ್ಲಿ ಕನ್ನಡದ ಪೇಪರನ್ನು ಮತ್ತೆ ಬರೆದು ಪಾಸಾಗಿದ್ದವನು ಅವನು. ಅವನ ಹೆಸರು ಕರೆದಾಗ ಯಾರೂ ಏನೂ ಕೇಳಲಿಲ್ಲ.

ಆಮೇಲೆ ಇದು ರೂಢಿಯಾಯಿತು. ಪಾಠದಲ್ಲಿ ಮದುವೆ ಬಂದರೆ "ನಿಮ್ಮಲ್ಲಿ ಹೇಗಮ್ಮ?" ಎನ್ನುವರು. ಸಾವು ಬಂದರೂ ಅದೇ ಪ್ರಶ್ನೆ. ದವಾಖಾನೆ, ಖರೇ, ಜಲ್ದಿ ಎಂಬ ಮಾತು ಬಂದರಂತೂ ಇಡೀ ತರಗತಿ ಅವಳತ್ತ ತಿರುಗುತ್ತಿತ್ತು.

"ಸರ್, ನನಗ ಉರ್ದು ಬರಂಗಿಲ್ರಿ" ಎಂದು ಅವಳು ಹೇಳಿದಳು.

"ಸಂಕೋಚ ಪಟ್ಕೋಬೇಡಿ. ನಿಮ್ಮ ಭಾಷೆ ಬಗ್ಗೆ ನಮಗೂ ಗೌರವ ಇದೆ."

ಅವಳು ಗೆಳತಿ ಭುವನಾಳ ಮುಖ ನೋಡಿದಳು. ಭುವನಾ ತಲೆ ತಗ್ಗಿಸಿ ನಗು ತಡೆದುಕೊಂಡಿದ್ದಳು. ಊರಿನಲ್ಲಿ ಉರ್ದು ಬಾರದ್ದು ತಪ್ಪಾಗಿತ್ತು, ಇಲ್ಲಿ ಉರ್ದು ಬಾರದ್ದು ವಿನಯವಾಗಿತ್ತು. ಕನ್ನಡ ಬರುವುದಂತೂ ಎರಡೂ ಕಡೆ ಸೋಜಿಗವೇ.

ಎರಡನೆಯ ವರ್ಷ ವಿಭಾಗದಲ್ಲಿ ಭಾವೈಕ್ಯದ ಕಾರ್ಯಕ್ರಮ ಎಂದಾಯಿತು. ಪರಶಿವಮೂರ್ತಿಯವರು ಹುರುಪಿನಿಂದ ತರಗತಿಗೆ ಬಂದರು.

"ನಜ್ಮಾ, ನೀವೊಂದು ವಚನ ಹೇಳಬೇಕು. ಪತ್ರಿಕೆಯವರು ಬರ್ತಾರೆ. ಬುರ್ಖಾ ಹಾಕ್ಕೊಂಡು ಬಂದ್ರೆ ಫೋಟೋ ಇನ್ನೂ ಚೆನ್ನಾಗಿ ಬರುತ್ತೆ."

"ನಾ ಬುರ್ಖಾ ಹಾಕಂಗಿಲ್ರಿ ಸರ್. ನಮ್ಮ ಅವ್ವನೂ ಹಾಕಂಗಿಲ್ಲ, ಸೀರಿ ಉಡತಾಳ."

"ಒಂದು ದಿನದ ಮಟ್ಟಿಗೆ ಯಾರದ್ದಾದರೂ ಇಸ್ಕೊಳ್ಳಿ. ನಿಮ್ಮವರ ಹತ್ರ ಇರುತ್ತಲ್ಲ."

ನಜ್ಮಾಳಿಗೆ ಸಿಟ್ಟು ಬಂದಿತ್ತು. ಆದರೆ ಎದುರಿಗಿದ್ದ ಮುಖದಲ್ಲಿ ಎಳ್ಳಷ್ಟೂ ಕೆಟ್ಟತನವಿರಲಿಲ್ಲ. ಅಂಥ ಮುಖಕ್ಕೆ ಏನಂತ ಬೈಯುವುದು? ಅವಳು ಎದ್ದು ನಿಂತಳು.

"ಸರ್, ಒಂದ ಮಾತು ಹೇಳಲೇನ್ರಿ?"

"ಹೇಳಿ, ಹೇಳಿ."

"ನಿಮ್ಮ ಕನ್ನಡ ಭಾಳ ಛಲೋ ಐತ್ರಿ. ಮೈಸೂರ ಕಡೆಯವರಾಗಿ ಎಷ್ಟ ಸ್ವಚ್ಛ ಮಾತಾಡತೀರಿ! ಎಲ್ಲಾರೂ ಒಂದ ಚಪ್ಪಾಳಿ ಹೊಡೀರಿ."

ಮೊದಲು ಕೈ ತಟ್ಟಿದವನು ಕೊಟ್ರೇಶ. ಆಮೇಲೆ ಇಡೀ ತರಗತಿ ತಟ್ಟಿತು. ಪರಶಿವಮೂರ್ತಿಯವರು ಮುಗುಳ್ನಕ್ಕು, ಎದೆಯ ಮೇಲೆ ಕೈಯಿಟ್ಟು, "ಧನ್ಯವಾದ, ಧನ್ಯವಾದ" ಎಂದರು. ಪುಸ್ತಕ ತೆರೆದು ಪಾಠ ಶುರು ಮಾಡಿದರು. ಪದ್ಯದ ಎರಡನೆಯ ಸಾಲಿಗೆ ಬರುವಾಗ ಅವರ ದನಿ ನಿಂತಿತು. ಕಿವಿ ನಿಧಾನವಾಗಿ ಕೆಂಪಾಯಿತು. ಅವರು ಆ ಸಾಲನ್ನು ಇನ್ನೊಮ್ಮೆ ಓದಿ ಮುಂದೆ ಹೋದರು.

ಮರುದಿನ ನಜ್ಮಾಳನ್ನು ತಮ್ಮ ಕೋಣೆಗೆ ಕರೆಸಿದರು. ಅಂಕ ಕಡಿಮೆಯಾಗುತ್ತದೆಯೆಂದು ಭುವನಾ ಹೆದರಿಸಿ ಕಳಿಸಿದ್ದಳು.

"ನಾನು ಈ ಕಡೆ ಬಂದು ಹನ್ನೊಂದು ವರ್ಷ ಆಯ್ತು" ಎಂದರು ಅವರು. "ನಿಮ್ಮ ಕನ್ನಡ ಚೆನ್ನಾಗಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ."

"ಹೇಳಬೇಕಾಗಿತ್ತೇನ್ರಿ ಸರ್?"

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಬೇಕಾಗಿರಲಿಲ್ಲ" ಎಂದರು.

ಬುರ್ಖಾದ ಮಾತು ಅಲ್ಲಿಗೆ ಬಿತ್ತು. ನಜ್ಮಾ ತನ್ನ ದಿನದ ಚೂಡಿದಾರದಲ್ಲೇ ವೇದಿಕೆ ಹತ್ತಿ ವಚನ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು, ಕೆಳಗೆ "ಮುಸ್ಲಿಂ ಯುವತಿಯ ಬಾಯಲ್ಲಿ ವಚನ" ಎಂದಿತ್ತು. ಮೌಲಾಸಾಬ ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ. ಗಾದಿಗೆ ಅಳತೆ ಕೊಡಲು ಬಂದವರಿಗೆಲ್ಲ ತೋರಿಸಿದ. ಸಕೀನಾಬಿಗೆ ಓದಲು ಬಾರದು. ಮಗಳಿಂದ ಓದಿಸಿ ಕೇಳಿಕೊಂಡು, "ಅಲ್ಲಬೇ, ನಿನ್ನ ಹೆಸರ ಎಲ್ಲೈತಿ?" ಎಂದಳು. ಹೆಸರು ಇರಲಿಲ್ಲ.

ಇನ್ನೊಂದು ಫಲವೂ ಆಯಿತು. ಪರಶಿವಮೂರ್ತಿಯವರು ನಜ್ಮಾಳ ವಿಷಯದಲ್ಲಿ ಎಷ್ಟು ಎಚ್ಚರವಾದರೆಂದರೆ, ಅವಳಿಗೆ ಪ್ರಶ್ನೆ ಕೇಳುವುದನ್ನೇ ಬಿಟ್ಟರು. ಕೈಯೆತ್ತಿದರೂ ಅವರ ಕಣ್ಣು ಅವಳನ್ನು ಮುಟ್ಟದಂತೆ ದಾಟಿ ಹೋಗುತ್ತಿತ್ತು. ಕೊನೆಗೆ ಅವಳೇ ಕೂತಲ್ಲಿಂದ ಕೂಗಿದಳು: "ಸರ್, ನನ್ನೂ ಕೇಳ್ರಿ. ಇದರ ಉತ್ತರ ನನಗ ಗೊತ್ತೈತಿ." ಕೇಳಿದರು. ಉತ್ತರ ತಪ್ಪಾಗಿತ್ತು. "ತಪ್ಪು, ಮತ್ತೆ ಓದ್ಕೊಂಡು ಬನ್ನಿ" ಎಂದರು. ಆ ತರಗತಿಯಲ್ಲಿ ಅವಳಿಗೆ ಅಷ್ಟು ಸಮಾಧಾನ ಬೇರೆ ಯಾವ ಮಾತಿನಿಂದಲೂ ಆಗಿರಲಿಲ್ಲ.

ಎಂ.ಎ. ಮುಗಿದ ಮೇಲೆ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಬಿ.ಕಾಂ. ಹುಡುಗರಿಗೆ ಕನ್ನಡ ಪಾಠ. ದಿನಾ ಬ್ಯಾಡಗಿಯಿಂದ ಬಸ್ಸು, ಬಸ್ ಸ್ಟ್ಯಾಂಡಿನಿಂದ ಆಟೋ. ಕೆಲಸ ಖಾಯಂ ಅಲ್ಲ, ಆದರೆ ಹುಡುಗರು "ಮೇಡಂ" ಎನ್ನುತ್ತಿದ್ದರು. ಯಾರನ್ನೂ "ನಿಮ್ಮಲ್ಲಿ ಹೇಗೆ" ಎಂದು ಕೇಳಬಾರದೆಂದು ಅವಳು ನಿಶ್ಚಯ ಮಾಡಿಕೊಂಡಿದ್ದಳು. ಕೇಳಲೂ ಇಲ್ಲ.

ಒಂದು ಬೆಳಿಗ್ಗೆ ಪಾಠದಲ್ಲಿ ಉದ್ದುದ್ದ ಸಂಸ್ಕೃತ ಸಮಾಸಗಳ ಹಳೆಯ ಪದ್ಯವೊಂದು ಬಂತು. ಗಟ್ಟಿಯಾಗಿ ಓದುವವರು ಬೇಕಿತ್ತು. ಹಾಜರಿ ಪುಸ್ತಕದ ಮೇಲೆ ಬೆರಳಾಡಿಸಿದ ನಜ್ಮಾ ಒಂದು ಹೆಸರಿನ ಹತ್ತಿರ ನಿಂತಳು.

"ಕೌಸ್ತುಭ ಕುಲಕರ್ಣಿ, ನೀವ ಓದ್ರಿ. ನಿಮಗ ಇದೇನು ಕಷ್ಟ ಆಗಂಗಿಲ್ಲ."

ತೆಳ್ಳಗಿನ ಹುಡುಗ ಎದ್ದ. ಮೊದಲ ಸಮಾಸದಲ್ಲೇ ಸಿಕ್ಕಿಬಿದ್ದ. ಮತ್ತೆ ಶುರು ಮಾಡಿ, ಮತ್ತೆ ಅಲ್ಲೇ ಬಿದ್ದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಮೇಡಂ, ನಮ್ಮನ್ಯಾಗ ಯಾರಿಗೂ ಸಂಸ್ಕೃತ ಬರೂದಿಲ್ರಿ" ಎಂದ ಅವನು. "ನಮ್ಮಪ್ಪ ಬೀಜದ ಕಂಪನಿ ಗೋದಾಮಿನ್ಯಾಗ ಲೋಡಿಂಗ್ ನೋಡಿಕೋತಾರ. ಸಾಲಿಯೊಳಗೂ ಹಿಂಗ ಶ್ಲೋಕ ಬಂದ್ರ ನನ್ನಽ ಎಬ್ಬಸತಿದ್ರು. ಪ್ರಾರ್ಥನಾಕ್ಕೂ ನನ್ನಽ ನಿಲ್ಲಸತಿದ್ರು. ನನಗ ರಾಗಾನೂ ಬರೂದಿಲ್ಲ. ನೀವರೆ ಯಾಕ ನನ್ನ ಎಬ್ಬಿಸಿದ್ರಿ?"

ಹುಡುಗರು ಜೋರಾಗಿ ನಕ್ಕರು. ನಜ್ಮಾಳ ಕಿವಿ ಬಿಸಿಯಾಯಿತು. "ನಿಮ್ಮ ಹೆಸರು ನೋಡಿ ಎಬ್ಬಿಸಿದೆ" ಎನ್ನುವುದು ಖರೇ ಉತ್ತರ. ಅದನ್ನು ಬಿಟ್ಟು ಬೇರೆ ಉತ್ತರಕ್ಕಾಗಿ ಅವಳು ತಡಕಾಡಿದಳು, ಸಿಗಲಿಲ್ಲ.

"ಹೆಸರ ನೋಡಿ ಎಬ್ಬಿಸಿದೆ ಕೌಸ್ತುಭ. ತಪ್ಪಾತು. ಕುಂದ್ರಿ."

ನಗು ಒಮ್ಮೆಲೇ ನಿಂತಿತು. ಮೇಡಂ ಒಬ್ಬರು ತಪ್ಪಾಯಿತು ಎನ್ನುವುದನ್ನು ಆ ಹುಡುಗರು ಕೇಳಿರಲಿಲ್ಲ. ಮುಂದೇನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. "ಓದಬೇಕು ಅನ್ನಾವರು ಯಾರರೆ ಅದೀರೇನು?" ಎಂದು ಕೇಳಿದಳು. ಯಾರೂ ಇರಲಿಲ್ಲ. ಆ ದಿನ ಪದ್ಯವನ್ನು ಅವಳೇ ಓದಿದಳು. ಅವಳಿಗೂ ಒಂದು ಕಡೆ ನಾಲಿಗೆ ತೊಡರಿತು.

ಮರುದಿನದಿಂದ ಬೆಂಚಿನ ಸಾಲಿನಂತೆ ಓದುವ ಸರದಿ ಇಟ್ಟಳು. ಕೌಸ್ತುಭನ ಸರದಿ ಗುರುವಾರ ಬಂತು. ಎರಡು ಕಡೆ ಒತ್ತಕ್ಷರ ನುಂಗಿ, ಬೆವರುತ್ತ ಓದಿ ಮುಗಿಸಿದ. ನಜ್ಮಾ ಎರಡನ್ನೂ ತಿದ್ದಿ, "ಮುಂದಿನವರು" ಎಂದಳು.