ಕೊಸರು ಹಾಕುತ್ತಿದ್ದ ಮುದ್ದಣ್ಣ

ನನ್ನ ಗಂಡ ಮುದ್ದಣ್ಣ ಮೀನು ಮಾರುವವರು. ಬೆಳಿಗ್ಗೆ ಮಲ್ಪೆಗೆ ಹೋಗಿ ಏಲದಲ್ಲಿ ಕೂಗಿ ಮೀನು ಕೊಂಡು, ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿ, ಕಟಪಾಡಿಯಿಂದ ಶಿರ್ವ, ಬೆಳ್ಮಣ್ ಅಂತ ಕಾರ್ಕಳದ ಕಡೆಗೆ ಹೋಗುತ್ತಿದ್ದರು. ಗೇಟಿನ ಎದುರು ನಿಂತು ಹಾರ್ನ್ ಹಾಕಿದರೆ ಹೆಂಗಸರು ಪಾತ್ರೆ ಹಿಡಿದು ಬರುತ್ತಿದ್ದರು. ಅವರಿಗಿಂತ ಮೊದಲು ಬೆಕ್ಕು ಬರುತ್ತಿತ್ತು.

ತೂಗಿ ಆದ ಮೇಲೆ ಇವರು ಇನ್ನೊಂದು ಮೀನು ಮೇಲೆ ಹಾಕುತ್ತಿದ್ದರು. ಕೊಸರು. ಬಂಗುಡೆ ಆದರೆ ಒಂದು, ಬೂತಾಯಿ ಆದರೆ ಒಂದು ಹಿಡಿ. ಏಲದಲ್ಲಿ ಗಂಟಲು ಹರಿಯುವಷ್ಟು ಜಗಳ ಮಾಡುವ ಮನುಷ್ಯ ಗೇಟಿನ ಹತ್ತಿರ ಹೀಗೆ. ಲಾಭ ಎಲ್ಲ ಬೆಳ್ಮಣ್ಣಿನ ಬೆಕ್ಕುಗಳಿಗೆ ಅಂತ ನಾನು ಬೈಯುತ್ತಿದ್ದೆ. "ಮೇಲೆ ಹಾಕಿದ್ದಕ್ಕೆ ಲೆಕ್ಕ ಇಲ್ಲ ಮಾರಾಯ್ತಿ" ಅನ್ನುತ್ತಿದ್ದರು.

ಆ ಬುದ್ಧಿಯಿಂದಲೇ ಸಿಕ್ಕಿಬಿದ್ದದ್ದು.

ಸ್ಕೂಟರಿನಲ್ಲಿ ಕೂತು ಕೂತು ಸೊಂಟ ನೋವು. ಫೋನಿನಲ್ಲಿ ನೋಡಿ ಸೊಂಟದ ಬೆಲ್ಟ್ ತರಿಸಿದರು. ಬೆಲ್ಟ್ ಚೆನ್ನಾಗಿಯೇ ಇತ್ತು. ಅದರ ಜೊತೆಗೆ ಆರೋಗ್ಯದ ಕ್ಲಬ್ಬು ಅಂತ ಒಂದು, ಮೊದಲ ತಿಂಗಳು ಉಚಿತ. ಅದಕ್ಕೆ ಟಿಕ್ ಮೊದಲೇ ಹಾಕಿ ಇಟ್ಟಿದ್ದರು. ಇವರು ಹಾಕಿದ್ದಲ್ಲ. ಇವರು ಕೊಸರು ಅಂತ ತಿಳಿದರು. ಅಂಗಡಿಯವ ಒಳ್ಳೆಯವ ಅಂತ ನನ್ನ ಹತ್ತಿರ ಹೊಗಳಿದರು.

ಎರಡನೇ ತಿಂಗಳಿನಿಂದ ಖಾತೆಯಿಂದ ಹಣ ಹೋಗಲು ಶುರು. ಬ್ಯಾಂಕಿನವರದ್ದೇ ತಪ್ಪು ಅಂತ ಇವರು ಕಟಪಾಡಿಯ ಬ್ಯಾಂಕಿಗೆ ಹೋಗಿ ಬೊಬ್ಬೆ ಹಾಕಿ ಬಂದರು. ಅಲ್ಲಿಯ ಆಫೀಸರ್ ಆಲ್ವಿನ್ ಫೋನು ನೋಡಿ, ಇದು ಬೆಲ್ಟಿನ ಜೊತೆ ಬಂದ ಕ್ಲಬ್ಬು, ಅವರಿಗೇ ಹೇಳಿ ನಿಲ್ಲಿಸಿ ಅಂದರಂತೆ. ನಮ್ಮ ಮಗಳು ಯಶ್ಮಿತಾ ಮಣಿಪಾಲದಲ್ಲಿ ಬಟ್ಟೆ ಅಂಗಡಿಗೆ ಹೋಗುವವಳು. ಅವಳು ಹುಡುಕಿದಳು. ಸೇರಲಿಕ್ಕೆ ದೊಡ್ಡ ಹಸಿರು ಬಟನ್, ಬಿಡಲಿಕ್ಕೆ ಎಲ್ಲಿಯೂ ಇಲ್ಲ. ಒತ್ತಿ ಒತ್ತಿ ಕೊನೆಗೆ ಒಂದು ಫೋನ್ ನಂಬರು ಬಂತು.

ಇವರು ಫೋನ್ ಮಾಡಿದರು. ಒಬ್ಬಳು ಹುಡುಗಿ ಎತ್ತಿ ಅಣ್ಣಾ ಅಂದಳು. ಬಿಡಬೇಡಿ ಅಣ್ಣಾ, ಇನ್ನೊಂದು ತಿಂಗಳು ಉಚಿತ ಕೊಡುತ್ತೇವೆ ಅಂದಳು. ಇವರು ಆಯಿತು ಅಂತ ಇಟ್ಟರು. ಮತ್ತೊಮ್ಮೆ ಮಾಡಿದಾಗಲೂ ಅದೇ ಕತೆ.

"ಮಲ್ಪೆಯಲ್ಲಿ ಹುಲಿ, ಫೋನಲ್ಲಿ ಬೆಕ್ಕಿನ ಮರಿ" ಅಂತ ಯಶ್ಮಿತಾ ತಮಾಷೆ ಮಾಡಿದಳು.

"ಅವಳೂ ಹೊಟ್ಟೆಪಾಡಿಗೆ ಮಾತಾಡುವುದಲ್ವಾ" ಅಂದರು.

ಫೋನಿನಲ್ಲಿ ಸಾಮಾನು ತರಿಸುವವರು ತರಿಸಿ. ಹಣ ಕೊಡುವ ಮೊದಲು ಟಿಕ್ ನೋಡಿ. ನೀವು ಹಾಕದ್ದು ಇದ್ದರೆ ತೆಗೆಯಿರಿ. ಅದು ಕೊಸರು ಅಲ್ಲ.

ಆಮೇಲೆ ಇವರು ಹೋದರು. ಬೆಳ್ಮಣ್ಣಿನಲ್ಲಿ ಸ್ಕೂಟರ್ ನಿಲ್ಲಿಸಿ ಎದೆ ಹಿಡಿದು ಕೂತರಂತೆ. ಪೆಟ್ಟಿಗೆಯಲ್ಲಿ ಉಳಿದ ಮೀನನ್ನು ಆ ಊರಿನ ಹೆಂಗಸರೇ ಮಾರಿ ಹಣ ತಂದುಕೊಟ್ಟರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೂ ಬಂದಿದ್ದರು.

ಹಣ ಹೋಗುವುದು ಮಾತ್ರ ನಿಲ್ಲಲಿಲ್ಲ. ಕ್ಲಬ್ಬಿನವರಿಗೆ ಸಿಕ್ಕಿದ್ದು ಇವರ ಕಾರ್ಡು, ಖಾತೆ ನಮ್ಮಿಬ್ಬರ ಹೆಸರಿನದ್ದು. ನಾನು ಈಗ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತೇನೆ. ಸಂಬಳ ಅದಕ್ಕೇ ಬೀಳುವುದು. ಒಮ್ಮೆ ಖಾತೆಯಲ್ಲಿ ಹಣ ಸಾಲದೆ ಗ್ಯಾಸ್ ತಂದವನನ್ನು ಸಿಲಿಂಡರಿನ ಜೊತೆ ತಿರುಗಿ ಕಳಿಸಿದೆ.

ಆಲ್ವಿನ್ ಹತ್ತಿರ ಕೇಳಿದೆ. ಮರಣ ಪತ್ರ ತನ್ನಿ, ಕಾರ್ಡು ಬಂದ್ ಮಾಡಿ ಅವರ ಹೆಸರು ತೆಗೆದು ನಿಮ್ಮೊಬ್ಬರ ಹೆಸರಿಗೆ ಮಾಡಿಕೊಡುತ್ತೇನೆ ಅಂದರು. ಪತ್ರ ಮನೆಯಲ್ಲಿ ಉಂಟು. ಆದರೆ ನಾನು ಹೋಗಲಿಲ್ಲ. ಖಾತೆ ಮಾಡಿಸುವ ದಿನ ಇವರು ಇಸ್ತ್ರಿ ಅಂಗಿ ಹಾಕಿ ನನ್ನನ್ನು ಕರೆದುಕೊಂಡು ಹೋಗಿದ್ದರು. ಪುಸ್ತಕದಲ್ಲಿ ಇಬ್ಬರ ಹೆಸರೂ ಒಂದರ ಕೆಳಗೆ ಒಂದು ಉಂಟು. ಅದನ್ನು ನಾನೇ ತೆಗೆಸುವುದು ಹೇಗೆ.

ಕ್ಲಬ್ಬಿನವರೇ ನಿಲ್ಲಿಸಿದರೆ ಬ್ಯಾಂಕಿನ ಕೆಲಸವೇ ಬೇಡ ಅಂತ ಫೋನ್ ಮಾಡಿದೆ.

"ಮುದ್ದಣ್ಣ ಸರ್ ಹತ್ತಿರ ಕೊಡಿ ಅಮ್ಮಾ. ಮೆಂಬರೇ ಮಾತಾಡಬೇಕು."

"ಅವರು ಇಲ್ಲ."

"ಎಷ್ಟು ಹೊತ್ತಿಗೆ ಬರುತ್ತಾರೆ?"

ಅಲ್ಲಿಯವರೆಗೆ ನಾನು ಆ ಮಾತು ಬಾಯಲ್ಲಿ ಹೇಳಿರಲಿಲ್ಲ. ಹೋದರು ಅನ್ನುತ್ತಿದ್ದೆ, ಇಲ್ಲ ಅನ್ನುತ್ತಿದ್ದೆ.

"ಸತ್ತಿದ್ದಾರೆ."

ಆಚೆಯಿಂದ ಕಂಪ್ಯೂಟರ್ ಒತ್ತುವ ಸದ್ದು ಕೇಳಿತು. ಆಮೇಲೆ, "ಹಾಗಾದರೆ ನಿಮ್ಮ ಹೆಸರಿಗೆ ಮಾಡಿಕೊಡಲಾ ಅಮ್ಮಾ? ಎರಡು ತಿಂಗಳು ಉಚಿತ."

"ನಿನ್ನ ಉಚಿತಕ್ಕೆ ಬೆಂಕಿ ಹಾಕು" ಅಂತ ಇಟ್ಟೆ.

ಯಶ್ಮಿತಾ ಸರಕಾರದ ಗ್ರಾಹಕರ ನಂಬರಿಗೆ ದೂರು ಕೊಟ್ಟಳು. ವಿಚಾರಣೆ ಮಾಡುತ್ತಾರಂತೆ, ಹೋದ ಹಣ ಬಂದರೂ ಬರಬಹುದಂತೆ. ಬರಲಿ. ಅಲ್ಲಿಯವರೆಗೆ ತಿಂಗಳು ತಿಂಗಳು ಹೋಗುವುದು ಹೋಗುತ್ತದೆ. ನನಗೆ ಸಾಕಾಗಿತ್ತು.

ಫ್ಯಾಕ್ಟರಿಗೆ ರಜೆ ಹೇಳಿ ಪತ್ರ ಹಿಡಿದು ಬ್ಯಾಂಕಿಗೆ ಹೋದೆ. ಆಲ್ವಿನ್ ಕುರ್ಚಿ ತೋರಿಸಿದರು. ಅವರು ಹೇಳಿದಲ್ಲಿ ಸಹಿ ಹಾಕಿದೆ. ಅದೊಂದು ನನಗೆ ಬರುತ್ತದೆ. ಹೆಸರು ತೆಗೆಯಲು ಎಷ್ಟು ಹೊತ್ತು ಅಂತ ಕೇಳಿದೆ.

"ಈಗಲೇ ಆಗುತ್ತದೆ ಅಮ್ಮಾ."

"ಈಗಲೇ ಬೇಡ. ನಾನು ಹೊರಗೆ ಹೋದ ಮೇಲೆ ಮಾಡಿ."

ಅವರು ಕಂಪ್ಯೂಟರಿನಿಂದ ಕೈ ತೆಗೆದರು. ನಾನು ಎದ್ದು ಹೊರಗೆ ಬಂದೆ.