ಕುಂಕುಮ ಹತ್ತಿದ ರ‍್ಯಾಮು

ಹಳೆಯ ಕಂಪ್ಯೂಟರನ್ನು ರಿಪೇರಿಗೆ ಒಯ್ದವರನ್ನು ಅಂಗಡಿಯವರು ನೋಡುವ ನೋಟವೇ ಬೇರೆ. ಅದರಲ್ಲಿ ಅರ್ಧ ಅನುಕಂಪ, ಅರ್ಧ ಅನುಮಾನ. ಹೋದ ವಾರವಿಡೀ ನಾನು ಆ ನೋಟಕ್ಕೆ ಪಾತ್ರಳಾಗಿದ್ದೆ. ನಮ್ಮ ಮನೆಯ ಗಣಕಯಂತ್ರದ ರ‍್ಯಾಮು, ಅಂದರೆ ಅದರ ನೆನಪಿನ ಪಟ್ಟಿ, ಸುಟ್ಟುಹೋಗಿ, ಗುಂಡಿ ಒತ್ತಿದರೆ ಬರೀ ಕುಂಯ್‌ಗುಡುತ್ತಿತ್ತು.

ಹೊಸದು ಕೊಳ್ಳಬಾರದೇ ಎನ್ನುತ್ತೀರಿ, ಗೊತ್ತು. ಪಾರ್ಶ್ವವಾಯು ಬಡಿದಂದಿನಿಂದ ನಮ್ಮ ಯಜಮಾನರ ಮಾತು ತೊದಲು. ಹೇಳಬೇಕಾದ್ದನ್ನೆಲ್ಲ ಎಡಗೈಯಲ್ಲಿ ಆ ಯಂತ್ರದ ಮೇಲೆ ಕುಟ್ಟಿ ತೋರಿಸುತ್ತಾರೆ. ಕಚೇರಿಯ ಕಾಲದಿಂದ ಬೆರಳಿಗೆ ಅಂಟಿದ ಹಳೆಯ ಕನ್ನಡ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ಏಳುವುದಿಲ್ಲ. ಮೊಬೈಲಿನಲ್ಲಿ ಅವರ ಬೆರಳೂ ತೊದಲುತ್ತದೆ. ಯಂತ್ರ ಕೆಟ್ಟಂದಿನಿಂದ ಅವರು ಗೋಡೆ ನೋಡುತ್ತ ಕೂತುಬಿಟ್ಟಿದ್ದರು, ನನಗೆ ಭಯವಾಗುತ್ತಿತ್ತು.

ಸರಸ್ವತಿಪುರಂ ಅಂಗಡಿಯಾತ, "ಮೇಡಂ, ಇದ್ಯಾವ್ ಕಾಲದ್ದು? ಬುಟ್ಬುಡಿ, ಹೊಸ ಸೆಟ್ಟೇ ತಗೊಳ್ಳಿ" ಎಂದ. ಮೂಗಿಗಿಂತ ಮೂಗುತಿ ಭಾರ! ಇನ್ನೊಬ್ಬ ಕೊಟ್ಟ ಪಟ್ಟಿಯ ಕಚ್ಚು ಎಳ್ಳಷ್ಟು ಆಚೆಗಿದ್ದು ಒಳಗೇ ಹೋಗಲಿಲ್ಲ. ರಾಜೀವನಗರದಲ್ಲಿ ಸಿಕ್ಕಿದ್ದು ಸಲೀಸಾಗಿ ಕೂತಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ ಒಳಗಿನ ಮದರ್‌ಬೋರ್ಡಮ್ಮ ಒಪ್ಪಲಿಲ್ಲ. ಗಂಡು-ಹೆಣ್ಣಿನ ಜಾತಕವನ್ನಾದರೂ ಶಾಂತಿ ಮಾಡಿಸಿ ಹೊಂದಿಸಬಹುದು, ಇದಕ್ಕೆ ಯಾವ ಪುರೋಹಿತರನ್ನು ಕರೆಯಲಿ, ನೀವೇ ಹೇಳಿ. ಆಟೋದಲ್ಲಿ ಕೂತು ಸಮಸ್ತ ಗಣಕಕುಲವನ್ನೂ ಶಪಿಸಿದೆ.

ಕೊನೆಗೆ ಅಗ್ರಹಾರದಲ್ಲಿ, ನಮ್ಮ ಮನೆಯ ಮದುವೆ ಪತ್ರಿಕೆಗಳನ್ನೆಲ್ಲ ಅಚ್ಚು ಹಾಕಿದ ನಂಜುಂಡಪ್ಪನವರ ಪ್ರೆಸ್ಸಿಗೆ ಹೋಗಿ ಗೋಳು ತೋಡಿಕೊಂಡೆ. ಅವರು ಮೇಜಿನಡಿಯಿಂದ ನಮ್ಮದರ ಓರಗೆಯದೇ ಆದ, ಚಾಲೂ ಮಾಡಿ ವರ್ಷಗಳೇ ಆದ ಯಂತ್ರವೊಂದನ್ನು ಎಳೆದರು. ಮೈತುಂಬ ವಿಭೂತಿ, ಕುಂಕುಮ, ಒಣಗಿದ ಸೇವಂತಿಗೆಯ ಎಸಳು.

"ಆಯುಧಪೂಜೇಲಿ ಕುಂಕುಮ ಇಟ್ಟಿದ್ದು ಕಣಮ್ಮ, ಗುಜರಿಗೆ ಹಾಕೋಕೆ ಮನ್ಸು ಬರ್ಲಿಲ್ಲ. ಅದ್ಕೇ ವರ್ಷಾ ವರ್ಷಾ ಇದಕ್ಕೂ ಒಂದು ಮಂಗಳಾರತಿ. ರ‍್ಯಾಮು ತಗೊಂಡೋಗಿ, ಯಜಮಾನ್ರು ಮಾತಾಡ್ಲಿ" ಎಂದರು.

ಇಂಥ ಪೂಜೆಗಳನ್ನು ಕಂಡು ಮೂಗು ಮುರಿಯುತ್ತಿದ್ದ ವಿಚಾರವಾದಿ ನಾನು, ಪಟ್ಟಿಯನ್ನು ಎರಡೂ ಕೈ ಒಡ್ಡಿ, ತೀರ್ಥ ತೆಗೆದುಕೊಳ್ಳುವಂತೆ ತೆಗೆದುಕೊಂಡೆ. ಮೈಸೂರಿನಲ್ಲಿ ಒಮ್ಮೆ ಕುಂಕುಮ ಹತ್ತಿದ ವಸ್ತು ಎಷ್ಟೇ ನಿರುಪಯುಕ್ತವಾದರೂ ಮನೆ ಬಿಟ್ಟು ಹೋಗುವುದಿಲ್ಲವೆಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ಮನೆಯಲ್ಲಿ ಕುಂಕುಮ ಊದಿ, ರಬ್ಬರಿನಿಂದ ಉಜ್ಜಿ, ಪಟ್ಟಿಯನ್ನು ನಾನೇ ಕೂರಿಸಿದೆ. ವಾರದ ತಿರುಗಾಟದಲ್ಲಿ ಅರೆ ಮೆಕ್ಯಾನಿಕ್ ಆಗಿಬಿಟ್ಟಿದ್ದೆ. ಪರದೆ ಬೆಳಗಿತು. ಯಜಮಾನರು ನೆಟ್ಟಗೆ ಕೂತು ಕುಟ್ಟತೊಡಗಿದರು. ಕೃತಜ್ಞತೆಯ ನಾಲ್ಕು ಮಾತಿಗಾಗಿ ನಾನು ಸೆರಗು ಸರಿಪಡಿಸಿಕೊಂಡು ನಿಂತೆ. ಅಕ್ಷರಗಳು ಒಂದೊಂದಾಗಿ ಮೂಡಿದವು: "ವಾರದಿಂದ ಸಾರಿನಲ್ಲಿ ಹುಳಿ ಜಾಸ್ತಿ."

ಮೈಯೆಲ್ಲ ಉರಿಯಿತು. ಊರೆಲ್ಲ ಅಲೆದವಳಿಗೆ ಇದೇ ಬಹುಮಾನವೇ? "ಹಂಗಾದ್ರೆ ನಾಳೆಯಿಂದ ನೀವೇ ಮಾಡ್ಕೊಳ್ಳಿ" ಎಂದೆ. ಅವರು ಕಣ್ಣರಳಿಸಿ ಮತ್ತೆ ಕುಟ್ಟತೊಡಗಿದರು. ಉತ್ತರ ಉದ್ದವಾಗುವ ಲಕ್ಷಣವಿತ್ತು. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ.