ಔನ್ಸು, ಚಟಾಕು ಮತ್ತು ನಮ್ಮವ್ವನ ನವಣೆ ಹಿಟ್ಟು

ಹೋದ ತಿಂಗಳ ಒಂದು ಶುಕ್ರವಾರ. ನಮ್ಮ ಕಡೆ ಶಾಲೆಗೆ ಅದೇ ವಾರದ ರಜೆ. ಲಿಂಗಸುಗೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅಚ್ಚಾಗಿ ಬಂದ ನನ್ನದೇ ಬರಹವನ್ನು ಮೂರನೆಯ ಸಲ ಓದುತ್ತಿದ್ದೆ. (ನಗಬೇಡಿ. ಬರೆಯುವವರೆಲ್ಲ ಇದನ್ನೇ ಮಾಡುತ್ತಾರೆ. ಒಪ್ಪಿಕೊಳ್ಳುವವನು ನಾನೊಬ್ಬ.)

ಆಗ ಗಂಡ ಹೆಂಡತಿ ಇಬ್ಬರು ಬಂದು ಬಾಗಿಲಲ್ಲಿ ನಿಂತರು. ಗಂಡನ ಕೈಯಲ್ಲಿ ಹಾಲಿನ ಪುಡಿಯ ಡಬ್ಬಿ. ಡಬ್ಬಿಯ ಮೇಲೆ ಗುಂಡು ಕೆನ್ನೆಯ ಬಿಳಿ ಕೂಸಿನ ಚಿತ್ರ. ಹೆಂಡತಿಯ ಬಗಲಲ್ಲಿ ನಿಜವಾದ ಕೂಸು. ಅದಕ್ಕೆ ಕೆನ್ನೆಯೇ ಇರಲಿಲ್ಲ.

“ಪೇಪರಿನ್ಯಾಗ ಬರಿಯೋ ಮಾಸ್ತರು ನೀವೇನ್ರಿ?”

“ನಾನೇ” ಎಂದೆ, ಎದೆ ಉಬ್ಬಿಸಿ.

“ನಾ ಮಸ್ಕಿ ಅಮರಪ್ಪರಿ. ಜ್ವಾಳದ ವ್ಯಾಪಾರ. ನೀವು ಬರದಂಗ ಒಂದು ತಿಂಗಳಿಂದ ಮಗಗ ಡಬ್ಬಿ ಹಾಲು ಹಾಕಾಕತ್ತೀವಿ. ಆಗ ಏಳು ಸೇರು ಇದ್ದ. ಈಗ ಕಾಲು ಸೇರು ಕಮ್ಮಿ ಆಗ್ಯಾನ.”

“ಕೂಸನ್ನು ತೂಗಿದಿರಾ?”

“ನಮ್ಮ ಅಂಗಡಿ ತಕ್ಕಡ್ಯಾಗ ತೂಗೀನ್ರಿ. ದೃಷ್ಟಿ ಆಗ್ತದ, ಕೂಸು ತೂಗಬಾರ್ದು ಅಂತ ಮನ್ಯಾಗ ಎಲ್ಲಾರೂ ಬೈದ್ರು. ಆದ್ರ ಎತ್ತಿಕೊಂಡ್ರ ಕೈಗೆ ಗೊತ್ತಾಗಂಗಿಲ್ಲೇನ್ರಿ? ನಾ ದಿನಾ ಚೀಲ ಎತ್ತೋ ಮನಷ್ಯಾ.”

ನನ್ನ ಎದೆ ಇಳಿಯಿತು.

ಹೌದು, ಬರೆದದ್ದು ನಾನೇ. ಇದೇ ಅಂಕಣದಲ್ಲಿ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನನ್ನ ಮಗಳು ಗಿರಿಜೆಗೆ ಆರು ತಿಂಗಳು ತುಂಬಿದಾಗ ಹೈದರಾಬಾದಿನಿಂದ ಡಬ್ಬಿ ತರಿಸಿದ್ದೆ. “ಹಳೆಯ ಕಾಲದ ಗಂಜಿ ಬಿಡಿ, ವಿಜ್ಞಾನ ಹಿಡಿಯಿರಿ” ಎಂದು ಅಬ್ಬರಿಸಿದ್ದೆ. ಡಬ್ಬಿಯ ಮೇಲಿನ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸಿ ಕೊಟ್ಟಿದ್ದೆ: ಒಂದು ಚಮಚೆ ಪುಡಿಗೆ ಒಂದು ಔನ್ಸ್ ನೀರು. ಹಳ್ಳಿಯವರಿಗೆ ಔನ್ಸ್ ಎಲ್ಲಿ ಸಿಗಬೇಕು? ಅದಕ್ಕೆ ನಾನೇ ದಯೆ ತೋರಿಸಿ, “ಔನ್ಸ್ ಎಂದರೆ ನಮ್ಮ ಚಟಾಕು” ಎಂದೂ ಸೇರಿಸಿದ್ದೆ.

ಬಿ.ಎ. ಆದವನು ಬರೆದ ಮೇಲೆ ತಪ್ಪಿರುತ್ತದೆಯೇ? ನಮ್ಮ ವಂಶದಲ್ಲಿ ಪಾಟಿ ಹಿಡಿದ ಮೊದಲಿಗ ನಾನು. ನಮ್ಮವ್ವ ಊರವರ ಜೋಳ ಕೂಲಿಗೆ ಬೀಸಿ ನನ್ನನ್ನು ಓದಿಸಿದಳು. ಉರ್ದುವಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಬೆವೆತು, ಕನ್ನಡದಲ್ಲಿ ಬರೆಯುತ್ತಿರುವವನು. ಹೆಸರಿನ ಮುಂದೆ ಬಿ.ಎ. ಹಾಕದೆ ಧೋಬಿಗೂ ಚೀಟಿ ಬರೆದವನಲ್ಲ.

ಹೀಗಾಗಿ ಸೋಲು ಒಪ್ಪಲಿಲ್ಲ. “ನೀವು ಸರಿಯಾಗಿ ಅಳೆದಿಲ್ಲ. ನನ್ನ ಮಗಳನ್ನು ನೋಡಿ!” ಎಂದು ಒಳಗೆ ಕೂಗಿದೆ. ನನ್ನ ಹೆಂಡತಿ ನೀಲಮ್ಮ ಗಿರಿಜೆಯನ್ನು ಎತ್ತಿಕೊಂಡು ಬಂದಳು. ತೊಡೆಯಲ್ಲಿ ಮಡಿಕೆ, ಮಣಿಕಟ್ಟಿನಲ್ಲಿ ಮಡಿಕೆ. ಡಬ್ಬಿಯ ಕೂಸು ಇವಳ ಮುಂದೆ ಬಡಕಲು.

“ಅದೇ ಡಬ್ಬಿ, ಅದೇ ಅಳತೆ” ಎಂದೆ.

ಗೂಡಿನಲ್ಲಿದ್ದ ದವಾಖಾನೆಯ ಮಿಕ್ಸ್ಚರ್ ಔಷಧದ ಸೀಸೆ ಅಮರಪ್ಪನ ಕಣ್ಣಿಗೆ ಬಿತ್ತು. ಅದರ ಮೇಲೆ ಔನ್ಸಿನ ಗೀಟುಗಳಿದ್ದ ಕಾಗದದ ಪಟ್ಟಿ. “ಒಂದು ಚಟಾಕಿನ ಮಾಪು ಕೊಡ್ರಿ ಅಕ್ಕಾ” ಎಂದು ನೀಲಮ್ಮನನ್ನು ಕೇಳಿದ. ಖಾಲಿ ಸೀಸೆಗೆ ಚಟಾಕು ನೀರು ಸುರಿದ. ನೀರು ಮೊದಲ ಗೀಟು ದಾಟಿ ಎರಡನೆಯದರ ಹತ್ತಿರ ಹೋಗಿ ನಿಂತಿತು. ಒಂದು ಚಟಾಕೆಂದರೆ ಹೆಚ್ಚುಕಡಿಮೆ ಎರಡು ಔನ್ಸ್!

ಎಲ್ಲರೂ ಸೀಸೆಯನ್ನೇ ನೋಡಿದೆವು. ಸೀಸೆ ಬಿ.ಎ. ಆಗಿರಲಿಲ್ಲ, ಆದರೆ ಸರಿಯಾಗಿತ್ತು.

“ಅಂದ್ರ ಮಾಸ್ತರ, ಇಷ್ಟು ದಿನ ನಮ್ಮ ಕೂಸಿಗೆ ಹಾಲು ಕುಡಸಿಲ್ರಿ ನಾವು” ಎಂದ ಅಮರಪ್ಪ ಮೆಲ್ಲಗೆ. “ಡಬ್ಬಿ ತೊಳದ ನೀರು ಕುಡಸೀವಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. (ನಾನು ಓದಿದ್ದು ಚರಿತ್ರೆ. ಪಾಣಿಪತ್ತಿನಲ್ಲಿ ಯಾರೂ ಔನ್ಸಿನಿಂದ ಹಾಲು ಅಳೆದದ್ದು ನನಗೆ ತಿಳಿಯದು.)

ಆದರೂ ಒಂದು ಪ್ರಶ್ನೆ ಉಳಿಯಿತಲ್ಲ? ಅದೇ ನೀರು ಕುಡಿದ ಗಿರಿಜೆ ಹೀಗೇಕೆ ಉಬ್ಬಿದಳು? ನೀಲಮ್ಮನ ಮುಖ ನೋಡಿದೆ. ಅವಳು ನೆಲ ನೋಡಿದಳು. ಒಳಗಿನಿಂದ ನಮ್ಮವ್ವ ಕಿಸಕ್ಕನೆ ನಕ್ಕಳು.

“ಏನವ್ವಾ?”

“ಏನಿಲ್ಲ ಬಿಡೋ ಯಪ್ಪಾ. ನೀ ಶಾಲಿಗಿ ಹೋದ ಮ್ಯಾಲ ಕೂಸಿಗೆ ನವಣಿ ಗಂಜಿ ತಿನಸಾಕತ್ತೀವಿ. ಮೊದಲ ದಿನದಿಂದಾನ.”

“ಮತ್ತೆ ಪುಡಿ? ಡಬ್ಬಿ ದಿನಾ ಇಳಿಯುತ್ತಿತ್ತಲ್ಲ!”

“ನಿನ್ನ ಚಾದಾಗ” ಎಂದಳು ನೀಲಮ್ಮ.

ಚಹಾ ಈಚೆಗೆ ಬಹಳ ಚೆನ್ನಾಗಿದೆ ಎಂದು ನಾನೇ ಹೊಗಳಿದ್ದೆ. ಎರಡು ಸಲ.

“ನನಗೇಕೆ ಹೇಳಲಿಲ್ಲ?”

“ಪೇಪರಿನ್ಯಾಗ ಬರದು ಹೆಸರು ತಗೊಂಡಿದ್ದಿ” ಎಂದಳು ಅವ್ವ. “ಬಿ.ಎ. ಆದ ಮಗಗ ನಿಂದು ತಪ್ಪು ಅಂತ ನಾ ಹೆಂಗ ಹೇಳ್ಲಿ? ನಮ್ಮ ಕೂಸು ಉಳದ್ರ ಸಾಕಂತ ಸುಮ್ಮನಿದ್ದೆ.” ಆಮೇಲೆ ಅಮರಪ್ಪನ ಹೆಂಡತಿಯ ಬಗಲನ್ನು ನೋಡಿ ದನಿ ತಗ್ಗಿಸಿದಳು. “ಇನ್ನೊಬ್ಬರ ಮನಿ ಕೂಸೂ ಐತಂತ ನನಗೇನು ಗೊತ್ತಿತ್ತು?”

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಅವ್ವನ ಕೆಲಸ ಶುರುವಾಯಿತು.

“ಎಷ್ಟು ತಿಂಗಳವ್ವ? ಎದಿ ಹಾಲು ಕೊಡ್ತಿ ಇಲ್ಲೋ?”

“ಎಂಟು ನಡದಾವ್ರಿ. ಡಬ್ಬಿ ಬಂದ ಮ್ಯಾಲ ಎದಿ ಹಾಲು ಕಮ್ಮಿ ಮಾಡೀನ್ರಿ.”

“ಹುಚ್ಚಿ! ಅದನ್ನ ಬಿಡಿಸಬ್ಯಾಡ. ಗಂಜಿ ಅದರ ಜೋಡಿ, ಅದರ ಬದ್ಲಿ ಅಲ್ಲ.”

ಒಲೆ ಹತ್ತಿತು. ಎರಡು ಪಾಲು ನವಣಕ್ಕಿ, ಒಂದು ಪಾಲು ಹೆಸರುಬೇಳೆ. ಎರಡನ್ನೂ ಬೇರೆ ಬೇರೆ ಹುರಿದು, ಒಂದೇ ಒಂದು ಚಿಟಿಕೆ ಅಜವಾನ ಕೂಡಿಸಿ ಬೀಸಿ, ಹಳೆಯ ಸೀರೆಯ ಅರಿವೆಯಲ್ಲಿ ಸೋಸಿದ ಹಿಟ್ಟು ಗಡಿಗೆಯಲ್ಲಿ ಸಿದ್ಧವಿತ್ತು. ನನ್ನ ಪುಸ್ತಕದ ಕಪಾಟಿನ ಹಿಂದೆ! ನೀರಿನಲ್ಲಿ ಕಲಸಿ ಕುದಿಸಿ, ಮೇಲೆ ಒಂದು ಹನಿ ತುಪ್ಪ. “ಚಮಚಾದಿಂದ ಜಾರಬೇಕು, ಸುರೀಬಾರ್ದು” ಎಂದು ಹದ ತೋರಿಸಿದಳು. “ಇವತ್ತು ಎರಡ ಚಮಚಾ. ಒಗ್ಗಿದ್ರ ನಾಳೆ ನಾಕು. ಅವಸರ ಮಾಡಬ್ಯಾಡ.”

ಕೂಸು ಮೊದಲ ಚಮಚೆಯನ್ನು ಉಗುಳಿತು. ಎರಡನೆಯದನ್ನು ಅನುಮಾನಿಸಿತು, ನುಂಗಿತು. ಆಮೇಲೆ ಅವ್ವ ಬಟ್ಟಲು ಎತ್ತಿಕೊಂಡು ಹೊರಟಾಗ ಅದು ಹಾಕಿದ ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದವು. ಅಮರಪ್ಪನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಂದು ತಿಂಗಳಾತ್ರಿ, ಇವ ಇಷ್ಟು ಜೋರು ಅತ್ತಿದ್ದಿಲ್ಲ” ಎಂದಳು.

ಮರುದಿನ ದವಾಖಾನೆಯ ಡಾಕ್ಟರರನ್ನು ಕೇಳಿದೆ. “ಧಾನ್ಯದಲ್ಲಿ ಕಡಿಮೆ ಬೀಳುವುದು ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆ ಬೀಳುವುದು ಧಾನ್ಯದಲ್ಲಿದೆ. ಕೂಡಿದರೆ ಕೂಸಿನ ಮೈ ತುಂಬುತ್ತದೆ. ಹುರಿದರೆ ಅರಗುವುದು ಸಲೀಸು. ತುಪ್ಪದಿಂದ ಬಲ” ಎಂದರು. “ಹಾಗಾದರೆ ಡಬ್ಬಿ ಕೆಟ್ಟದ್ದೇ?” ಎಂದೆ. “ಡಬ್ಬಿಗೇನಾಗಿದೆ? ಕೆಟ್ಟದ್ದು ನಿಮ್ಮ ತರ್ಜುಮೆ” ಎಂದರು.

ಮೊನ್ನೆ ಅಮರಪ್ಪನ ಕಾಗದ ಬಂತು. ಮಗ ಏಳೂಕಾಲು ಸೇರು ದಾಟಿದ್ದಾನೆ. ಈಗ ತಕ್ಕಡಿಯಲ್ಲಿ ಕೂಡಿಸಿದರೆ ತೂಕದ ಗುಂಡು ಹಿಡಿದೆಳೆಯುತ್ತಾನಂತೆ. ಅಂಗಡಿಗೆ ಬಂದವರಿಗೆಲ್ಲ ಅಮರಪ್ಪನೇ ನವಣೆ ಗಂಜಿಯ ಪಾಠ ಹೇಳುತ್ತಿದ್ದಾನಂತೆ, ನನ್ನ ಹೆಸರು ಹೇಳದೆ. (ದೊಡ್ಡ ಮನುಷ್ಯ.)

ಓದುಗರೇ, ಇದು ನನ್ನ ತಪ್ಪೊಪ್ಪಿಗೆ. ಸಿಂಧನೂರಿನಲ್ಲಿ, ಮಸ್ಕಿಯಲ್ಲಿ, ಇನ್ನೆಲ್ಲಾದರೂ ನನ್ನ ಚಟಾಕನ್ನು ನಂಬಿ ಕೂಸಿಗೆ ಹಾಲು ಕಲಸುತ್ತಿರುವವರು ಇದ್ದರೆ, ಇಂದೇ ನಿಲ್ಲಿಸಿ. ಓದಲು ಬಾರದ ನೆರೆಮನೆಯವರಿಗೂ ಓದಿ ಹೇಳಿ.

ಅಚ್ಚಿಗೆ ಕಳಿಸುವ ಮೊದಲು ಇದನ್ನು ಅವ್ವನಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿದಳು. ಹೊಗಳುತ್ತಾಳೆ ಎಂದು ಕಾದೆ.

“ನವಣಕ್ಕಿ ಹುರಿಯೋಕ್ಕಿಂತ ಮೊದಲ ತೊಳದು, ಹರಳು ಆರಿಸಿ, ಒಣಗಿಸಬೇಕು ಅಂತ ಬರದಿಯೇನು?”

“ಇಲ್ಲ.”

“ಮತ್ತ ಬರಿ. ಬಾಗಿಲಿಗಿ ಇನ್ನೊಂದು ಕೂಸು ಬರೋಕ್ಕಿಂತ ಮೊದಲ ಬರಿ.”